ಡ್ರೈವರನಿಗೆ ಮೀಸಲಾಗಿದ್ದ ಕಪ್ಪು

ದೇಶದೇಶಗಳಲ್ಲೂ ಒಂದೇ ಹೆಸರಿನ ಕಾಫಿ ಅಂಗಡಿಗಳು ಹಬ್ಬಿವೆಯೆಂದು ಹೇಳುತ್ತ ಮೊಮ್ಮಗಳು ನನ್ನ ಕೈಗೊಂದು ಡೋನಟ್ಟು ಕೊಟ್ಟಳು. ನಡುವೆ ತೂತು. ಇದರಲ್ಲೇನು ಹೊಸತು ಎನಿಸಿತು ನನಗೆ. ಐವತ್ತರ ದಶಕದಲ್ಲಿ, ಕುಳಗೇರಿ ಕ್ರಾಸಿನಲ್ಲೇ ನಾನಿದನ್ನೆಲ್ಲ ಕಂಡವಳು. ಆಗ ತೂತಿದ್ದದ್ದು ಉದ್ದಿನ ವಡೆಗೆ, ಅಷ್ಟೇ.

ಕ್ರಾಸಿನಲ್ಲಿ ನಮ್ಮಪ್ಪನ ಚಹದಂಗಡಿ ಇತ್ತು. ಅವ್ವ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು, ಕಪ್ಪು ತೊಳೆಯುವುದು ನನ್ನ ಪಾಲಿಗೆ. ರಸ್ತೆ ಬದಿಯ ಅಂಗಡಿಗೆ ಗಿರಾಕಿ ತರುವವನು ಡ್ರೈವರ್. ಅವನು ಬ್ರೇಕು ಹಾಕಿದಲ್ಲೇ ಮಂದಿ ಇಳಿದು ಬಾಯಾಡಿಸುವುದು. ಹಾಗಾಗಿ ಅವನ ಚಹಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಬಾಗಲಕೋಟೆಯ ಬಸ್ಸಿನ ಸದ್ದು ಕೇಳಿದ್ದೇ ತಡ, ಅಪ್ಪ ಹೂವಿನ ಚಿತ್ರದ ಕಪ್ಪಿಗೆ ಶುಂಠಿ ಚಹ ಸುರಿದು ಹಲಗೆಯ ಮೇಲಿಡುತ್ತಿದ್ದ. ಆ ಕಪ್ಪಿನಲ್ಲಿ ಬೇರೆ ಯಾರೂ ಕುಡಿಯುವಂತಿರಲಿಲ್ಲ. ಒಮ್ಮೆಯಾದರೂ ಕುಡಿಯಬೇಕೆಂದು ನನಗೆ ಜೀವ ತುಡಿಯುತ್ತಿತ್ತು.

ಆಗ ದಕ್ಷಿಣ ಕನ್ನಡದ ಕಡೆಯವರೊಬ್ಬರು ಬಾಗಲಕೋಟೆಯಲ್ಲಿ ಕಾಫಿ ಹೋಟೆಲು ತೆಗೆದರು. ನೋಡನೋಡುತ್ತ ಬಾದಾಮಿಯಲ್ಲೊಂದು, ಇಳಕಲ್ಲಿನಲ್ಲೊಂದು. ಅದೇ ಬೋರ್ಡು, ಅದೇ ಕಲ್ಲಿನ ಮೇಜು, ಅದೇ ವಡೆ. ‘ಎಲ್ಲಿ ಕುಡದ್ರೂ ಒಂದ ರುಚಿ ನೋಡ್ರಿ’ ಎಂದು ಮಂದಿ ಹೊಗಳಿದರೆ, ಅದೂ ಒಂದು ಹೊಗಳಿಕೆಯೇ ಎಂದು ಅಪ್ಪ ನಗುತ್ತಿದ್ದ. ನಾಲ್ಕನೆಯ ಹೋಟೆಲು ನಮ್ಮ ಎದುರಿಗೇ ಬಂದಾಗ ನಗು ನಿಂತಿತು.

ಅದು ತೆರೆದ ವಾರದಲ್ಲೇ ಬಸ್ಸು ನಮ್ಮನ್ನು ದಾಟಿ ಅಲ್ಲಿ ನಿಂತಿತು. ಅಪ್ಪ ಕಪ್ಪು ಹಿಡಿದು ನಿಂತೇ ಇದ್ದ.

‘ಉಂಡ ಮನಿಗೆ ಎರಡ ಬಗದಾ ಇಂವಾ’ ಎಂದು ಹಲ್ಲು ಕಡಿದ.

ಎದುರಿನವರು ಡ್ರೈವರನನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ, ಇಂದಲ್ಲ ನಾಳೆ ಅವನಿಗೆ ಬುದ್ಧಿ ಬರುತ್ತದೆ ಎಂಬುದು ಅಪ್ಪನ ನಂಬಿಕೆ. ದಿನಾ ಬಸ್ಸಿನ ಸದ್ದಿಗೆ ಆ ಕಪ್ಪು ತುಂಬಿಡುತ್ತಿದ್ದ. ಚಹ ಆರಿ ಕೆನೆ ಕಟ್ಟುತ್ತಿತ್ತು, ನೊಣ ಕೂರುತ್ತಿತ್ತು, ಕೊನೆಗೆ ಅವ್ವ ಚೆಲ್ಲುತ್ತಿದ್ದಳು. ಉಳಿದ ಭಜಿಯೇ ನಮಗೆ ಊಟವಾಯಿತು. ನನಗೆ ಅಪ್ಪನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ಭಯ. ಅಂಗಡಿ ಬಿಟ್ಟರೆ ಅವನಿಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಡ್ರೈವರ್ ತಾನೇ ರಸ್ತೆ ದಾಟಿ ಬಂದ. ಅಪ್ಪ ಮುಖ ತಿರುಗಿಸಿದ.

‘ಕಾಕಾ, ನಂದೇನಿಲ್ರಿ. ಕಾಫಿ ಹೋಟೆಲಿಗೆ ನಿಂದ್ರಸು ಅಂತ ಮಂದಿನ ಒದರ್ತಾರ. ನಾ ಇಲ್ಲಿ ನಿಂದ್ರಿಸಿದ್ರೂ ಅವರು ಅಲ್ಲಿಗೇ ಓಡ್ತಾರ್ರಿ.’

ಅಪ್ಪ ಅವನತ್ತ ತಿರುಗಿದ.

‘ಖರೆ ಹೇಳಪಾ, ನಿನಗೂ ಆ ಕಾಫಿನ ಛಲೋ ಅನಸ್ತೈತೇನು?’

ಡ್ರೈವರ್ ತಲೆ ತಗ್ಗಿಸಿದ. ‘ಹೌದ್ರಿ ಕಾಕಾ.’

ಹಲಗೆಯ ಮೇಲಿದ್ದ ಆರಿದ ಚಹವನ್ನು ಎತ್ತಿ ಒಂದೇ ಗುಟುಕಿಗೆ ಕುಡಿದು ಅವನು ಹೊರಟುಹೋದ. ಅಲ್ಲಿಯವರೆಗೆ ಅಪ್ಪನಿಗೆ ಬೈಯಲು ಒಬ್ಬನಾದರೂ ಇದ್ದ. ಈಗ ಯಾರನ್ನು ಬೈಯಬೇಕು?

ಮರುದಿನ ಬಸ್ಸು ಬಂತು. ಅಪ್ಪ ಆ ಕಡೆ ನೋಡಲೂ ಇಲ್ಲ. ಹೂವಿನ ಕಪ್ಪಿಗೆ ಚಹ ಸುರಿದು ನನ್ನ ಮುಂದೆ ಹಿಡಿದ.

‘ತಗೋ, ಇನ್ನ ನೀ ಕುಡಿ ಇದರಾಗ.’

ಅಷ್ಟು ದಿನ ಆಸೆಪಟ್ಟ ಕಪ್ಪು ಕೈಗೆ ಬಂದಿತ್ತು. ಚಹ ಆರಿ ಕೆನೆ ಕಟ್ಟುವವರೆಗೂ ಅದನ್ನು ಹಿಡಿದುಕೊಂಡೇ ಕೂತಿದ್ದೆ.