ಒತ್ತಿನೆಣೆಯಲ್ಲಿ ಎದ್ದ ಹೊಗೆ

ಆ ಕಾರನ್ನು ನಾನು ಮೊದಲು ಕಂಡದ್ದು ತೊಂಬತ್ತೇಳರಲ್ಲಿ, ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದ ವರ್ಷ ಅದು. ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ನೆಲಕ್ಕೆ ಅಂಟಿಕೊಂಡಂತಿದ್ದ ಎರಡು ಬಾಗಿಲಿನ ಕೆಂಪು ಕಾರೊಂದು ಸಣ್ಣಗೆ ಸಿಳ್ಳೆ ಹಾಕುತ್ತ ಹಾದುಹೋಯಿತು. ಅಕ್ಕ ಇದನ್ನು ಒಪ್ಪುವುದಿಲ್ಲ. "ಆ ಕಾರ್ ಬೊಂಬಾಯಿಂದ ಬಂದದ್ದೇ ಎರಡ್ ವರ್ಷ ಬಿಟ್. ನೀ ಕಂಡದ್ದ್ ಬೇರೆ ಎಂತದೋ" ಎನ್ನುತ್ತಾಳೆ. ಅವಳದ್ದೇ ಸರಿಯಿರಬಹುದು. 'ನಾನು ಕಂಡಿದ್ದೇನೆ' ಎನ್ನುವವನನ್ನು, ಅವನು ನಾನೇ ಆಗಿದ್ದರೂ, ನಂಬಬಾರದು ಎಂಬುದೊಂದೇ ವಿಶ್ವವಿದ್ಯಾಲಯದಿಂದ ನಾನು ಪೂರ್ತಿಯಾಗಿ ಮನೆಗೆ ತಂದ ಪಾಠ. ಆದ್ದರಿಂದ ಮುಂದಿನದನ್ನೂ ಹಾಗೆಯೇ ಓದಿ. ಒಂದು ಸಂಗತಿಯಲ್ಲಿ ಮಾತ್ರ ನನಗೆ ಸಂದೇಹವಿಲ್ಲ. ಆ ಕಾರಿನಲ್ಲಿ ಇವತ್ತಿಗೂ ಇರುವುದು ಅದರದ್ದೇ ಎಂಜಿನ್.

ಕಾರು ನನ್ನ ಕೈಗೆ ಬಂದದ್ದು ಏಳೆಂಟು ವರ್ಷಗಳ ನಂತರ. ಅದಿದ್ದ ಬ್ರಹ್ಮಾವರದ ಮನೆಯವರಿಗೆ ಮುಂಬೈಯಲ್ಲಿ ಹೋಟೆಲಿತ್ತು. ವ್ಯಾಪಾರ ಜೋರಿದ್ದಾಗ ಮನೆಯ ಯಜಮಾನರು ಜಪಾನಿನ ಈ ಕಾರನ್ನು ಆಸೆಪಟ್ಟು ಕೊಂಡು ಊರಿಗೆ ತಂದರು, ಕೆಟ್ಟಾಗ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಅವರು ತೀರಿಕೊಂಡ ಮೇಲೆ ಅದರ ಮೇಲೆ ತೆಂಗಿನ ಮಡಲು, ಕಾಯಿಸಿಪ್ಪೆ ಬೀಳುತ್ತ ಹೋದವು. ನಾನು ಕೇಳಲು ಹೋದಾಗ ಅವರ ಹೆಂಡತಿ ಜಗಲಿಯಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ಗುಜರಿಯವ್ನಾ?"

"ಅಲ್ಲ ಅಮ್ಮ. ಓಡ್ಸುಕೆ."

ಅವರು ನಕ್ಕುಬಿಟ್ಟರು. "ನಮ್ಮನೆಯವ್ರೂ ಹಾಂಗೇ ಹೇಳ್ತಾ ಇದ್ರ್. ತಕಂಡ್ ಹೋಗ್ ಮಗ, ನಂಗೆ ಸೌದೆ ಒಟ್ಟುಕೆ ಜಾಗ ಆತ್."

ಟೆಂಪೋದ ಹಿಂದೆ ಹಗ್ಗ ಕಟ್ಟಿ ತೆಕ್ಕಟ್ಟೆಗೆ ಎಳೆಸಿಕೊಂಡು ಬಂದೆ. ಅಲ್ಲಿ ಅಕ್ಕನ ಮನೆ. ಮನೆಯ ಹಿಂದೆ ಭಾವ ಬಲೆ ಇಡುವ ದೊಡ್ಡ ಶೆಡ್ಡು. ಭಾವನಿಗೆ ಗಂಗೊಳ್ಳಿಯಲ್ಲಿ ಬೋಟಿದೆ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವಂತಿಲ್ಲದ ಆ ಎರಡು ತಿಂಗಳು ಅವರು ಎಂಜಿನ್ ಬಿಚ್ಚುತ್ತಾರೆ, ಬಲೆ ಹೆಣೆಯುತ್ತಾರೆ, ಉಳಿದ ಹೊತ್ತಿನಲ್ಲಿ ಬೇರೆಯವರ ವಿಷಯಕ್ಕೆ ಕೈ ಹಾಕುತ್ತಾರೆ. ಆ ವರ್ಷ ಬೇರೆಯವನೆಂದರೆ ನಾನು.

ಕಾರಿನ ಬಾನೆಟ್ ಎತ್ತಿದ್ದೇ ತಡ, ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿದ್ದ ಕಬ್ಬಿಣದ ಗಡ್ಡೆಯನ್ನು ಭಾವ ಗುರುತಿಸಿದರು. "ಟರ್ಬೊ! ನಮ್ ಬೋಟಂಗೂ ಇತ್ತಲಾ ಇದ್." ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯಿಂದಲೇ ಒಂದು ಸಣ್ಣ ಚಕ್ರ ತಿರುಗಿಸಿ, ಅದರಿಂದ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬಿಸುವ ಉಪಾಯ ಅದು. ಬೇಡವೆಂದು ಬಿಸಾಡಿದ್ದರಿಂದ ಬಲ ಪಡೆಯುವ ಈ ಕ್ರಮ ನನಗೆ ತುಂಬ ಹಿಡಿಸಿತ್ತು. ಭಾವನಿಗೆ ಹಿಡಿಸಲಿಲ್ಲ.

"ಬೋಟಿಗೆ ಟರ್ಬೊ ಬಲೆ ಎಳುಕೆ. ಈ ಕಾರಿಗ್ ಎಂತಕ್ಕೆ?"

"ಓಡುಕೆ, ಭಾವ."

"ಓಡುಕೆ ಪೆಟ್ರೋಲ್ ಯಾರ್ ಹೊಯ್ತ್ರ್? ಇದನ್ನ ಬಿಚ್ಚಿ ಬಿಸಾಡುವ. ಜೀಪಿನ್ ಡೀಸೆಲ್ ಎಂಜಿನ್ ಕೂರ್ಸುವ. ಸೀಟ್ ತೆಗುದ್ರೆ ಮೀನಿಗ್ ಐಸ್ ತರುಕೂ ಆತ್."

"ಇದ್ರಂಗೆ ಐಸ್ ತರುದಾ?"

"ಮತ್ತೆಂತ, ಪೂಜೆ ಮಾಡುದಾ?"

ಭಾವ ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ. ನಮ್ಮ ಕಡೆ ಹಳೆಯ ಕಾರು ಕಂಡರೆ ಎಲ್ಲರಿಗೂ ಹೊಳೆಯುತ್ತಿದ್ದುದು ಅದೇ. ಯಾವ ದೇಶದ್ದೇ ಇರಲಿ, ಯಾವ ಜಾತಿಯದ್ದೇ ಇರಲಿ, ಎದೆ ಸೀಳಿ ಡೀಸೆಲ್ ಎಂಜಿನ್ ಹಾಕು, ಆಮೇಲೆ ಅದು ಬಾಡಿಗೆಗಾದರೂ ಓಡುತ್ತದೆ, ಮೀನಿಗಾದರೂ ಓಡುತ್ತದೆ. ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಯಾವುದಾದರೂ ಒಂದು ವಸ್ತು ಉಪಯೋಗಕ್ಕೆ ಬಾರದೆ, ತಾನು ಏನಾಗಿತ್ತೋ ಅದಾಗಿಯೇ ಇರಬಾರದೇ? ಈ ಪ್ರಶ್ನೆಯನ್ನು ನಾನು ಕಾರಿನ ಪರವಾಗಿ ಕೇಳುತ್ತಿದ್ದೆನೋ ನನ್ನ ಪರವಾಗಿಯೋ, ಅಕ್ಕನಿಗಂತೂ ಅನುಮಾನವಿರಲಿಲ್ಲ. ಟ್ಯುಟೋರಿಯಲ್ಲಿನ ಪಾಠ, ವಿಮೆ ಕಂಪನಿ, ಉಡುಪಿಯ ಒಂದು ಪ್ರೆಸ್ಸು, ಕುಂದಾಪುರದ ಟೈಲ್ಸ್ ಅಂಗಡಿ, ಎಲ್ಲವನ್ನೂ ನಾನು ಅರ್ಧದಲ್ಲಿ ಬಿಟ್ಟಿದ್ದೆ. "ಕೆಲ್ಸ ಬಿಟ್ಟ, ಮದ್ವಿ ಮಾತೆತ್ತಿರೆ ಊರೇ ಬಿಟ್ಟ. ಇದ್ನೂ ಬಿಡ್ತ ಕಾಣಿ" ಎಂದು ಅವಳು ಮೀನು ಕೊಯ್ಯುತ್ತ ಗಂಡನಿಗೆ ಹೇಳಿದ್ದು ನನಗೆ ಕೇಳಲಿ ಎಂದೇ. ಅವತ್ತು ನಿಶ್ಚಯಿಸಿದೆ, ಇದನ್ನು ಬಿಡುವುದಿಲ್ಲ. ಇದ್ದ ಹಾಗೆಯೇ ಓಡಿಸುತ್ತೇನೆ.

ದಿನಾ ಜಗಳ ಕೇಳಿ ಸಾಕಾಗಿ ಅಕ್ಕನೇ ಮಾತು ಕಟ್ಟಿಸಿದಳು. ಬೋಟು ಕಡಲಿಗೆ ಇಳಿಯುವುದರೊಳಗೆ ಕಾರು ಅದರದ್ದೇ ಎಂಜಿನ್ನಿನಲ್ಲಿ, ಬೈಂದೂರು ದಾಟಿ ಸಿಗುವ ಒತ್ತಿನೆಣೆಯ ಏರನ್ನು ಎಲ್ಲಿಯೂ ನಿಲ್ಲದೆ ಹತ್ತಬೇಕು. ಭಾವ ಒಳಗೆ ಕೂತಿರಬೇಕು. ಹತ್ತಿದರೆ ಟರ್ಬೊ ಉಳಿಯಿತು, ಇಲ್ಲವಾದರೆ ಡೀಸೆಲ್. ನಾನು ಒಪ್ಪಿದೆ. ಮರುದಿನವೇ ಭಾವ ಎಲ್ಲಿಂದಲೋ ಒಂದು ಹಳೆಯ ಜೀಪಿನ ಎಂಜಿನ್ ತಂದು ಶೆಡ್ಡಿನ ಮೂಲೆಯಲ್ಲಿಟ್ಟು, ನನಗೆ ಕಾಣುವ ಹಾಗೆ ಒರೆಸತೊಡಗಿದರು.

ಹಾಗೆಂದು ಅವರು ನನ್ನ ಕೆಲಸಕ್ಕೆ ಅಡ್ಡ ಬರಲಿಲ್ಲ. ಸೋಲಿಸಲು ಕಾಯುತ್ತಿದ್ದವರೇ ನನಗಿಂತ ಹೆಚ್ಚು ದುಡಿದರು. ಗಾಳಿಯ ಕೊಳವೆಯೊಳಗೆ ಕಣಜ ಕಟ್ಟಿದ್ದ ಮಣ್ಣಿನ ಗೂಡುಗಳನ್ನು ತಂತಿಯಿಂದ ಕೆದಕಿ ತೆಗೆದೆವು. ಟರ್ಬೊದ ಚಕ್ರ ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬಿಚ್ಚಿ, ಬೇರಿಂಗ್ ಬದಲಿಸಿ, ಬೆರಳಲ್ಲಿ ತಟ್ಟಿದರೆ ತಿರುಗುವ ಹಾಗೆ ಮಾಡಲು ವಾರಗಳೇ ಹಿಡಿದವು. ಒಡೆದ ರಬ್ಬರ್ ಪೈಪುಗಳಿಗೆ ಗಂಗೊಳ್ಳಿಯ ಬೋಟ್ ಸಾಮಾನಿನ ಅಂಗಡಿಯ ಪೈಪು ಕತ್ತರಿಸಿ ಹಾಕಿದೆವು. ತೂತು ಬಿದ್ದ ತಳಕ್ಕೆ ತಗಡು ಬೆಸೆಸಿದೆವು.

ಆಮೇಲೆ ಒಂದು ಕೆಲಸ ಮಾಡಿದೆವು. ನಮ್ಮೂರಿನವರಲ್ಲದೆ ಭೂಮಿಯ ಮೇಲೆ ಇನ್ಯಾರೂ ಅದನ್ನು ಮಾಡಲಾರರು. ದಡಕ್ಕೆಳೆದ ಬೋಟಿನ ಮರಕ್ಕೆ ಗೇರೆಣ್ಣೆ ಬಳಿಯುವುದುಂಟು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ಉಪ್ಪುನೀರಿಗೂ ಹುಳಕ್ಕೂ ಅದರ ಮುಂದೆ ಏನೂ ನಡೆಯುವುದಿಲ್ಲ, ಕೈಗೆ ತಾಗಿದರೆ ಚರ್ಮವೂ ಉಳಿಯುವುದಿಲ್ಲ. ಆ ವರ್ಷ ಬಳಿದು ಮಿಕ್ಕಿದ್ದು ಒಂದು ಡಬ್ಬಿ ಶೆಡ್ಡಿನಲ್ಲಿತ್ತು. ಕಡಲ ಗಾಳಿಗೆ ಹೊಸ ತಗಡೂ ತುಕ್ಕು ಹಿಡಿಯುತ್ತದಲ್ಲ ಎಂಬ ಮಾತು ಬಂತು. "ಬೋಟಿಗ್ ಹಚ್ಚುದ್ ಕಾರಿಗ್ ಹಚ್ಚುಕಾಗ್ದಾ?" ಈ ಮಾತು ಭಾವ ಆಡಿದ್ದು ಎಂದು ನನ್ನ ನೆನಪು. ನಾನು ಆಡಿದ್ದು ಎಂದು ಭಾವನ ನೆನಪು. "ಇಬ್ರೂ ಕಾರಿನಡಿ ಮನಿಕಂಡಿದ್ರಿ, ಯಾರ್ ಬಾಯಿ ಅಂದ್ ಹೇಳುದ್?" ಎನ್ನುತ್ತಾಳೆ ಅಕ್ಕ. ಅಂತೂ ತಳಕ್ಕೆ ಬಳಿದೆವು. ಅಲ್ಲಿಗೆ ನಿಲ್ಲಿಸದೆ ಹೊಗೆಕೊಳವೆಗೂ ಬಳಿದೆವು, ಟರ್ಬೊದ ಚಿಪ್ಪಿಗೂ ಬಳಿದೆವು. ಕಬ್ಬಿಣವೆಂದು ಕಂಡದ್ದನ್ನೊಂದನ್ನೂ ಬಿಡಲಿಲ್ಲ. ಬೋಟಿನ ಮರ ಎಂದೂ ಬಿಸಿಯಾಗುವುದಿಲ್ಲ, ಟರ್ಬೊ ಕೆಂಡದಷ್ಟು ಬಿಸಿಯಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ, ಅಷ್ಟೆ.

ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಹೊರಟೆವು. ಭಾವನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

"ಇದ್ರಂಗೆ ಕೂಕಂಬುದಾ ಮನಿಕಂಬುದಾ ಮಾರಾಯ?"

ಕುಂದಾಪುರ ದಾಟಿ ಬೈಂದೂರಿನವರೆಗೆ ನಾನು ಎಂಜಿನ್ನಿಗೆ ತ್ರಾಸ ಕೊಡದೆ, ಬಸ್ಸುಗಳಿಗೆಲ್ಲ ದಾರಿ ಬಿಡುತ್ತ ಓಡಿಸಿದೆ. ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು ಎಂದು ಭಾವ ಈಗಲೂ ಹೇಳುತ್ತಾರೆ, ಅದು ಸುಳ್ಳು. ಒತ್ತಿನೆಣೆಯ ಬುಡದಲ್ಲಿ ಗೇರ್ ಇಳಿಸಿ ಕಾಲು ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಯಾರೋ ಹಿಂದಿನಿಂದ ಎರಡೂ ಕೈಯಲ್ಲಿ ದೂಡಿದ ಹಾಗೆ ಕಾರು ಮುಂದಕ್ಕೆ ಚಿಮ್ಮಿತು. ಭಾವನ ತಲೆ ಸೀಟಿಗೆ ಬಡಿಯಿತು. "ಅಯ್ಯಬ್ಬ!" ಎಂದರು. ಆ ಉದ್ಗಾರದಲ್ಲಿ ಖುಷಿಯಿತ್ತು. ಇದನ್ನೂ ಅವರು ಒಪ್ಪುವುದಿಲ್ಲ.

ಏರಿನ ನಡು ಮುಟ್ಟುವಾಗ ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಮೊದಲು ಎಳೆ ಎಳೆಯಾಗಿ, ಆಮೇಲೆ ದಟ್ಟವಾಗಿ, ಕೊನೆಗೆ ರಸ್ತೆಯೇ ಕಾಣದ ಹಾಗೆ.

"ನಿಲ್ಸಾ! ಟರ್ಬೊ ಹೋಯ್ತ್! ಆಯಿಲ್ ಸುಡ್ತಾ ಇತ್!" ಭಾವ ಕೂಗಿದರು.

ಹಿಂದಿನಿಂದ ಲಾರಿಯವನು ಹಾರ್ನ್ ಒತ್ತುತ್ತ ತಲೆ ಹೊರಗೆ ಹಾಕಿದ. "ಹ್ವಾಯ್! ಬೆಂಕಿ ಬಿದ್ದಿತ್ ಮಾರ್ರೆ, ಇಳೀನಿ!"

ನಾನು ಕಾಲು ಸಡಿಲಿಸಿದೆ. ಕಾರು ನಡೆಯುವಷ್ಟು ನಿಧಾನವಾಯಿತು. ಆಗ ನನ್ನ ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಎಂಜಿನ್ ಆಯಿಲ್ ಸುಟ್ಟರೆ ಹೀಗೆ ಆಗುವುದಿಲ್ಲ. ಕುಂದಾಪುರದಲ್ಲಿ ಬೆಳೆದವರಿಗೆ ಆ ಘಾಟನ್ನು ಯಾರೂ ಹೇಳಿಕೊಡಬೇಕಿಲ್ಲ. ಗೇರುಬೀಜ ಹುರಿಯುವ ಕಾರ್ಖಾನೆಯ ಗೋಡೆ ಪಕ್ಕದಲ್ಲಿ ಹಾದುಹೋದರೆ ಸಾಕು. ಸುಡುತ್ತಿದ್ದುದು ಕಾರಲ್ಲ, ನಾವು ಬಳಿದದ್ದು. "ಭಾವ, ಗೇರೆಣ್ಣೆ!" ಎಂದು ಪಕ್ಕಕ್ಕೆ ತಿರುಗಿದರೆ ಸೀಟು ಖಾಲಿ. ಬಾಗಿಲು ತೆರೆದುಕೊಂಡು ಜೋತಾಡುತ್ತಿತ್ತು.

ನಿಲ್ಲಿಸಿದರೆ ಸೋತೆ. ಎಡಗೈಯಲ್ಲಿ ಮೂಗು ಮುಚ್ಚಿ ಮತ್ತೆ ಕಾಲು ಒತ್ತಿದೆ. ಹೊಗೆಯ ಒಳಗಿನಿಂದ ಹೊಗೆಯ ಒಳಕ್ಕೇ ಹತ್ತುತ್ತ, ಕೊನೆಗೆ ಗಾಳಿ ಬೀಸಿದ ಕಡೆ ಕೆಳಗೆ ಕಡಲು ಕಂಡಾಗ ಮೇಲೆ ಬಂದಿದ್ದೆ. ಎಂಜಿನ್ ಗುಡುಗುಡು ಎನ್ನುತ್ತ ನಿಂತಲ್ಲೇ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಲಾರಿಯಲ್ಲಿ ಕೂತು ಭಾವ ಬಂದರು, ಕಣ್ಣು ಕೆಂಪು, ಕೆಮ್ಮು ಬೇರೆ.

"ನಿಂತ್ತಲಾ? ನಾ ಗೆದ್ದೆ" ಎಂದರು.

"ನಿಲ್ಲಿಲ್ಲೆ. ನೀವ್ ಓಡು ಕಾರಿಂದ ಹಾರಿದ್ರಿ."

"ನಿಲ್ದೆ ಹ್ಯಾಂಗಾ ಇಳುದ್? ನಾ ಎಂತ ಸರ್ಕಸ್ಸಿನವ್ನಾ?"

ಲಾರಿಯವನನ್ನು ಸಾಕ್ಷಿಗೆ ಕರೆದೆವು. ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಆ ಹೊಗಿ ಒಳ್ಗೆ ಎಂತ ಕಾಂತ್ ಮಾರ್ರೆ? ನಾ ನನ್ ಬ್ರೇಕ್ ಕಂಡ್ಕಂಡೆ."

ನಾನು ಮಾತು ಬೆಳೆಸದೆ ಕಾರು ತಿರುಗಿಸಿ ಬುಡಕ್ಕೆ ಇಳಿದು, ಮತ್ತೊಮ್ಮೆ ಹತ್ತಿ ಭಾವನ ಎದುರಿಗೇ ತಂದು ನಿಲ್ಲಿಸಿದೆ. ಈ ಸಲ ಹೊಗೆ ಅಗರಬತ್ತಿಯಷ್ಟು. ಭಾವ ಆಗಲೂ ಬಿಡಲಿಲ್ಲ. "ಈ ಸರ್ತಿ ನಾ ಒಳಗಿರ್ಲಿಲ್ಲೆ ಅಲ್ದಾ? ಮಾತ್ ಎಂತ ಆದ್ದ್? ನಾ ಕೂಕಂಡ್ ಹತ್ಕ್."

"ಹಾಂಗಾರೆ ಕೂಕಣಿ, ಇನ್ನೊಂದ್ ಸಲ ಹತ್ತುವ."

"ಇದ್ರಂಗೆ ಇನ್ ನನ್ ಹೆಣವೂ ಹತ್ತುದಿಲ್ಲೆ."

ಮಾತಿನ ಪ್ರಕಾರ ನೋಡಿದರೆ ಅವರದ್ದೇ ಸರಿ. ನನಗೆ ತರ್ಕ ಬರುತ್ತದೆ, ಸೋತದ್ದು ಗೊತ್ತಾಗುತ್ತದೆ. ಆದರೂ ಹೇಳಿದೆ: "ಸೋತೆ ಅಂದೇ ಇಟ್ಕಣಿ ಭಾವ. ಎಂಜಿನ್ ಬಿಚ್ಚುದಿಲ್ಲೆ." ಅವರು "ಹಾಂಗಾರೆ ನನ್ ಶೆಡ್ಡೂ ಇಲ್ಲೆ" ಎಂದು ಬಸ್ಸು ಹತ್ತಿ ಹೋದರು. ನಾನು ಕಾರನ್ನು ತೆಕ್ಕಟ್ಟೆಗೆ ಒಯ್ಯದೆ ನೇರವಾಗಿ ಕುಂದಾಪುರದ ನನ್ನ ಬಾಡಿಗೆ ಮನೆಯ ಅಂಗಳಕ್ಕೆ ತಂದೆ. ಟಾರ್ಪಾಲು ಕಟ್ಟಿದೆ. ಮುಂದಿನ ಕೆಲಸವನ್ನೆಲ್ಲ ಅದರ ಕೆಳಗೆ, ಒಬ್ಬನೇ, ನಿಧಾನವಾಗಿ ಮಾಡಿದೆ. ಗೇರೆಣ್ಣೆಯ ಸುಟ್ಟ ಹೊಪ್ಪಳೆ ಕೆರೆದು ತೆಗೆಯಲೇ ಒಂದು ಬೇಸಗೆ ಹೋಯಿತು. ಅರ್ಧದಲ್ಲಿ ಬಿಡಲಿಲ್ಲ.

ಭಾವ ಒಂದು ವರ್ಷ ಮಾತಾಡಲಿಲ್ಲ ಎಂದು ನೆನಪು. ಅಕ್ಕನ ಪ್ರಕಾರ ಒಂದೇ ತಿಂಗಳು. ಈಚೆಗೆ ಹೆದ್ದಾರಿ ಅಗಲ ಮಾಡಲು ಒತ್ತಿನೆಣೆಯ ಗುಡ್ಡವನ್ನೇ ಕಡಿದರು. ಕಾರು ನಿಂತಿತೋ ಇಲ್ಲವೋ ಎಂದು ಜಾಗ ತೋರಿಸಿ ವಾದಿಸಲು ಆ ಹಳೆಯ ಏರೂ ಈಗಿಲ್ಲ. ಈ ಕಾರಿನಿಂದ ಏನು ಉಪಯೋಗ ಎಂದು ಜನ ಇನ್ನೂ ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ. ನಾನು ಇನ್ನೇನೋ ಹೇಳುತ್ತೇನೆಂದು ಅವರು ಕಾಯುತ್ತಾರೆ. ಹೇಳಲು ಇನ್ನೇನೂ ಇಲ್ಲ.

ಮೊನ್ನೆ ಭಾವ ಕುಂದಾಪುರದ ಆಸ್ಪತ್ರೆಗೆ ಬಂದವರು ನಮ್ಮ ಮನೆಗೂ ಬಂದರು. ಹೊರಡುವಾಗ ಅಂಗಳದಲ್ಲಿ ನಿಂತು, "ರಿಕ್ಷಾ ಸಿಕ್ಕುದಿಲ್ಲೆ. ಬಸ್‌ಸ್ಟ್ಯಾಂಡಿಗ್ ಬಿಡ್ತ್ಯಾ?" ಎಂದರು. ಬಾಗಿಲು ತೆರೆದು ಹಿಡಿದೆ.

"ಕೂಕಣಿ. ಇಳುವಾಗ ಮಾತ್ರ ಕಾರ್ ನಿಂತ್ ಮೇಲೆ ಇಳೀನಿ."

"ಆಗ್ಳೂ ನಿಂತ್ ಮೇಲೇ ಇಳ್ದದ್ದ್" ಎಂದರು ಭಾವ, ಮೊಣಕಾಲು ಮಡಚಿ ಒಳಗೆ ಕೂರುತ್ತ.

"ನಿಲ್ಲಿಲ್ಲೆ" ಎಂದು ಎಂಜಿನ್ ಚಾಲೂ ಮಾಡಿದೆ.