ಆರ್ಗಾನ್ ಮೇಷ್ಟ್ರ ಬೈಟೂ ಟೀ

ಗುಂಡ್ಲುಪೇಟೆ ಶಾಲೆಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ವಿಜ್ಞಾನದ ಮೇಷ್ಟ್ರು ಸಂಜೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕುಸಿದು ಕೂತು, ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಮ್ಮಿಬ್ಬರಿಗೂ ಒಂದು ಬೈಟೂ ಟೀ ಹೇಳುತ್ತಿದ್ದರು. ಅಲ್ಲೂ ಪಾಠ ತಪ್ಪುತ್ತಿರಲಿಲ್ಲ.

"ಆಮ್ಲಜನಕದ ಪರಮಾಣುಗೆ ಹೊರಸುತ್ತಲ್ಲಿ ಎಂಟು ಎಲೆಕ್ಟ್ರಾನ್ ಬೇಕು, ಇರೋದು ಆರೇ. ಅದ್ಕೇ ಎರಡು ಸೇರ್ಕಂಡು ಬೈಟೂ ಮಾಡ್ಕತವೆ. ಆರ್ಗಾನ್‌ಗೆ ಎಂಟೂ ಅದೆ, ಒಂಟಿಯಾಗೇ ಇರ್ತದೆ. ನಾನೂ ಆರ್ಗಾನೇ ಕಣ್ಲಾ, ಯಾರೂ ಬ್ಯಾಡ ಬುಡು."

ನನಗೆ ಕುದೇರಿಗೆ ವರ್ಗವಾದ ದಿನವೂ ದಣಿದ ದನಿಯಲ್ಲಿ ಅದನ್ನೇ ಅಂದರು.

ಮೊನ್ನೆ ಆ ಕ್ಯಾಂಟೀನಿಗೆ ಹೋಗಿ ಮೇಷ್ಟ್ರ ಬಗ್ಗೆ ವಿಚಾರಿಸಿದೆ.

"ದಿನಾ ಬತ್ತಾರೆ ಸಾರ್," ಎಂದ ಟೀ ಮಾಡುವವನು. "ಈಗ್ಲೂ ಬೈಟೂನೇ ಹೇಳ್ತಾರೆ. ಒಂದು ಲೋಟನ ಎದುರಿನ ಖಾಲಿ ಕುರ್ಚಿ ಮುಂದೆ ಇಟ್ಟು ಕೂರ್ತಾರೆ. ಆಮೇಲೆ ಎರಡನ್ನೂ ಅವರೇ ಕುಡ್ದು ಓಯ್ತಾರೆ."