ಬಾಗಿಲ ಹಿಂದಿನ ಮೊರ

ನಮ್ಮವರು ಮೂರು ತಿಂಗಳು ಜಗಲಿಯ ಮೇಲೆ ಕೂತೇ ಉತ್ತರು. ಐ ಪ್ಲೌ, ಐ ಪ್ಲೌಡ್, ಐ ಶಲ್ ಪ್ಲೌ, ಐ ಹ್ಯಾವ್ ಪ್ಲೌಡ್. ಕೊಟ್ಟಿಗೆಯಲ್ಲಿ ಎತ್ತು ಕಾಯುತ್ತಿದ್ದರೆ ಅಪ್ಪ ಮಗ ಬಾಯಲ್ಲೇ ಬೇಸಾಯ ಮಾಡುತ್ತಾರೆ ಎಂದು ನಮ್ಮತ್ತೆ ಒಲೆ ಊದುತ್ತಾ ಗೊಣಗುವರು.

ಆಗ ಎರಡನೆಯ ಮಹಾಯುದ್ಧದ ಕಾಲ. ನಮ್ಮ ಊರು ಹನಕೆರೆ ಸ್ಟೇಷನ್ನಿಗೆ ಒಂದು ಮೈಲಿ. ಯಲಿಯೂರಿನ ನನ್ನ ತವರಿನಿಂದ ಹತ್ತೊಂಬತ್ತು ತುಂಬಿದ ಮೇಲೆ ಮದುವೆಯಾಗಿ ಬಂದವಳು ನಾನು. ಇಷ್ಟು ದಿನ ಗಂಡು ಸಿಕ್ಕಲಿಲ್ಲವೇ ಎಂದು ಊರವರು ಆಡಿಕೊಂಡಿದ್ದರು. ಸಿಕ್ಕ ಗಂಡು ಚಿನ್ನದಂಥವರು. ಆದರೆ ಇಂಗ್ಲಿಷ್ ಎಂದರೆ ನಾಲಿಗೆಗೆ ಬೀಗ.

ನಮ್ಮ ಮಾವ ನಾಲ್ಕಕ್ಷರ ಇಂಗ್ಲಿಷ್ ಓದಿದ್ದ ಬೇಸಾಯಗಾರರು. ಮಗ ಮಂಡ್ಯದ ಸರ್ಕಾರಿ ಫಾರಂಗೆ, ಈಗ ವಿ.ಸಿ. ಫಾರಂ ಅನ್ನುತ್ತಾರಲ್ಲ ಅಲ್ಲಿಗೆ, ಸೇರಲೇಬೇಕು ಎಂದು ಅವರ ಹಠ. ಬೆಳೆ ನೋಡಿಕೊಳ್ಳುವ ಕೆಲಸ. ಬೆಳೆಯೇನೋ ನಮ್ಮವರಿಗೆ ಅಂಗೈ ರೇಖೆಯಷ್ಟು ಗೊತ್ತು. ಆದರೆ ನಿನ್ನೆ ಏನಾಯಿತು, ಇವತ್ತು ಏನು, ನಾಳೆ ಏನು ಎಂದು ದಿನಾ ಇಂಗ್ಲಿಷಿನಲ್ಲಿ ಬರೆದಿಡಬೇಕಿತ್ತು. ಅದಕ್ಕೆ ಫಾರಂನ ಸಾಹೇಬರು ಮೊದಲು ಬಾಯಲ್ಲಿ ಕೇಳಿ ನೋಡುತ್ತಿದ್ದರು. ನಮ್ಮವರು ಎರಡು ಸಲ ಹೋಗಿ, ಎರಡು ಸಲವೂ ಬೆವರು ಒರೆಸಿಕೊಂಡು ವಾಪಸು ಬಂದಿದ್ದರು.

ಮೂರನೆಯ ಸಲಕ್ಕೆ ಮಾವ ನನಗೂ ಕೇಳಲಿ ಎಂದೇ ಜೋರಾಗಿ ಹೇಳಿದರು.

"ಈ ಸಲಾನೂ ಪೇಲಾದ್ರೆ ನಿನ್ ಯೆಡ್ತೀನ ಅವ್ರಪ್ಪನ ಮನೇಗೆ ಕಳಿಸ್ಬುಡ್ತೀನಿ ಕಣ್ಲಾ. ಪಾಸಾದ್ಮ್ಯಾಲೆ ಓಗಿ ಕರ್ಕೊಂಡ್ ಬಾ."

ಹೆಂಡತಿ ಮನೆಯಲ್ಲಿದ್ದರೆ ವಿದ್ಯೆ ತಲೆಗೆ ಹತ್ತುವುದಿಲ್ಲವಂತೆ. ನನ್ನ ಟ್ರಂಕನ್ನು ಹೊರಗೆ ತರಿಸಿ ಬಾಗಿಲ ಪಕ್ಕ ಇಡಿಸಿಯೂ ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಓದದೇ ಇರುವುದು ಇವರು, ಊರು ಬಿಡುವುದು ನಾನು. ಟ್ರಂಕು ಹೊತ್ತು ಯಲಿಯೂರಿನಲ್ಲಿ ಇಳಿದರೆ, ಗಂಡ ಬಿಟ್ಟವಳು ಎಂದು ಸ್ಟೇಷನ್ನಿನಿಂದಲೇ ಶುರು ಮಾಡುತ್ತಾರೆ.

ದಿನಾ ಬೆಳಿಗ್ಗೆ ಪಾಠ. ಸೊಸೆ ಮಾವನೆದುರು ನಿಲ್ಲುವ ಹಾಗಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ನಾನು ಬಾಗಿಲ ಹಿಂದೆ ರಾಗಿ ಕೇರುತ್ತಾ ಕೇಳುತ್ತಿದ್ದೆ. ಆ ಪಾಠ ಕೇಳಿ ಕೇಳಿ ಮನೆಯ ಕಂಬಕ್ಕೂ ಬಾಯಿಪಾಠವಾಗಬೇಕು, ನನಗೆ ಆಗದಿರುತ್ತದೆಯೇ? ನಮ್ಮವರ ಕಷ್ಟ ಏನೆಂದೂ ತಿಳಿಯಿತು. ಸಾಲಾಗಿ ಹೇಳಲು ಬಿಟ್ಟರೆ ಗಡಗಡ ಹೇಳಿಬಿಡುವರು. ನಡುವಿನದೊಂದನ್ನು ಕಿತ್ತು ಕೇಳಿದರೆ, ನಾಳೆ ಉಳುತ್ತೇನೆ ಎನ್ನಲು ಏನನ್ನಬೇಕು ಎಂದರೆ, ಸೂರು ನೋಡುವರು.

ಒಂದು ದಿನ ತಡೆಯಲಾರದೆ ಮೊರವನ್ನು ಮೂರು ಸಲ ತಟ್ಟಿದೆ. ಸಾಲಿನಲ್ಲಿ ಮೂರನೆಯದು ಎಂದು. ಅದು ಹೇಗೆ ಹೊಳೆಯಿತೋ, ನಮ್ಮವರು "ಐ ಶಲ್ ಪ್ಲೌ" ಅಂದುಬಿಟ್ಟರು. ಮಾವ ಮೀಸೆ ತಿರುವಿದರು. ಅಂದಿನಿಂದ ನಿನ್ನೆಗೆ ಎರಡು ಏಟು, ನಾಳೆಗೆ ಮೂರು, ಈಗಷ್ಟೇ ಮುಗಿದದ್ದಕ್ಕೆ ನಾಲ್ಕು. ಕೇರಿದ ರಾಗಿಯನ್ನೇ ಕೇರಿ ಕೇರಿ ನನ್ನ ಕೈ ಬಿದ್ದುಹೋಯಿತು.

ಸಾಹೇಬರ ಮುಂದೆ ಹೋಗಲು ಎಂಟು ದಿನ ಇದ್ದಾಗ ನಾನು ನೀರಿಗೆ ಹೋಗಿ ಬರುವುದು ಸ್ವಲ್ಪ ತಡವಾಯಿತು. ಬಿಂದಿಗೆ ಹೊತ್ತು ಹಿತ್ತಲಿಂದ ಒಳಗೆ ಬರುತ್ತೇನೆ, ಮಾವ ಕೇಳಿದ್ದನ್ನೇ ಕೇಳುತ್ತಿದ್ದಾರೆ, ನಮ್ಮವರು ಬಾಗಿಲ ಕಡೆ ನೋಡಿಕೊಂಡು ಕೆಮ್ಮುತ್ತಿದ್ದಾರೆ. ಮಂಡ್ಯದಲ್ಲಿ ಮೊರ ತಟ್ಟುವವರು ಯಾರು? ಒಳ್ಳೆಯದು ಮಾಡಲು ಹೋಗಿ ನಾನೇ ಅವರನ್ನು ಕುಂಟು ಮಾಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ.

ಅವತ್ತು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ನಮ್ಮವರು ಅರ್ಧ ಹೊಲ ಉತ್ತು ಬೆವರುತ್ತಿದ್ದರು. ಹಸಿವು ಎಂದು ಕೈ ಚಾಚಿದರು. ನಾನು ಬುತ್ತಿಯ ಗಂಟು ಬಿಚ್ಚಲಿಲ್ಲ.

"ಆ ಕಡೆ ನೋಡಿ, ಮಣ್ಣು ಮಗ್ಚಿ ಬಿದ್ದದೆ. ಇಂಗ್ಲೀಸ್ನಲ್ಲಿ ಏನಂತೀರಿ ಅದ್ಕೆ? ಮೊದ್ಲು ಯೋಳಿ, ಆಮ್ಯಾಲೆ ಮುದ್ದೆ" ಅಂದೆ.

ಅವರಿಗೆ ಕೋಪ ಬಂತು. ಎಷ್ಟನೆಯದು ಎಂದು ಬೆರಳು ಎಣಿಸತೊಡಗಿದರು. ಬೆರಳು ಮಡಿಸಿ, ಮಣ್ಣು ನೋಡಿ ಎಂದು ಗದರಿದೆ. ಮದುವೆಯಾದ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ಬಹಳ ಹೊತ್ತು ಉತ್ತ ಸಾಲನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, ಸರಿಯಾಗಿಯೇ ಹೇಳಿದರು. ಉಳದೆ ಉಳಿದಿದ್ದ ಕಡೆಗೆ ಕೈ ತೋರಿಸಿದೆ, ಅದನ್ನೂ ಹೇಳಿದರು. ಮುದ್ದೆ ತಣ್ಣಗಾಗಿತ್ತು, ಆದರೂ ಎರಡು ತಿಂದರು. ಐದನೆಯ ದಿನದ ಹೊತ್ತಿಗೆ ನಾನು ಕೇಳುವ ಮೊದಲೇ ಎತ್ತುಗಳಿಗೆ ಇಂಗ್ಲಿಷಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಇಬ್ಬರೂ ಬದುವಿನ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

ಹೋಗುವ ದಿನ ಬಂತು. ಹನಕೆರೆಯಲ್ಲಿ ಬೆಳಗಿನ ರೈಲು ಹತ್ತಿ ಹೋದರು. ಅದೇ ರೈಲು ಮಂಡ್ಯ ದಾಟಿದರೆ ಯಲಿಯೂರು. ದಿನವಿಡೀ ಆ ಟ್ರಂಕಿನ ಕಡೆ ನೋಡದೆ ಓಡಾಡಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಸಂಜೆ ಬಂದವರು ಜಗಲಿಯ ಮೇಲೆ ಕೂತು ಅಪ್ಪನಿಗೆ ಎಲ್ಲ ಹೇಳಿದರು. ಸಾಹೇಬರು ಕೇಳಿದಾಗ ನಾಲಿಗೆ ಮತ್ತೆ ಒಣಗಿತಂತೆ. ಕಿಟಕಿಯಾಚೆ ಫಾರಂನ ಹೊಲ ಅರ್ಧ ಉತ್ತು ನಿಂತಿತ್ತಂತೆ. ಅದನ್ನು ನೋಡಿಕೊಂಡೇ ನಿನ್ನೆ, ಇವತ್ತು, ನಾಳೆ ಎಲ್ಲ ಹೇಳಿಬಿಟ್ಟರಂತೆ. ಮುಂದಿನ ಸೋಮವಾರ ಕೆಲಸಕ್ಕೆ ಬರಲು ಹೇಳಿದ್ದರು. ಬಾಗಿಲ ಹಿಂದೆ ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಆಗ ಮಾವ, ನಾನು ಮದುವೆಯಾಗಿ ಬಂದ ಎಂಟು ತಿಂಗಳಲ್ಲಿ ಒಂದು ದಿನವೂ ನನ್ನೊಡನೆ ನೇರ ಮಾತಾಡದವರು, ಬಾಗಿಲ ಕಡೆ ತಿರುಗಿದರು.

"ಅಲ್ಲ ಕಣವ್ವ, ಮೂರ್ ತಿಂಗ್ಳಿಂದ ಕೇರಿದ್ನೇ ಕೇರ್ತಿದ್ಯಲ್ಲ, ಆ ರಾಗೀಲಿ ಒಂದ್ ಕಲ್ಲಾದ್ರೂ ಸಿಕ್ತಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಗುತ್ತಿದ್ದರು.

"ಆ ಟ್ರಂಕು ಒಳೀಕ್ ಮಡಗು. ನಾಳಿಂದ ಬಾಗ್ಲಿಂದೆ ನಿಂತ್ಕಬ್ಯಾಡ. ಈಚೆ ಬಂದು ಪಾಠಕ್ಕೆ ಕುಂತ್ಕೊ."

ಮಾರನೆಯ ಬೆಳಿಗ್ಗೆ ನಮ್ಮವರು ಕೂರುತ್ತಿದ್ದ ಚಾಪೆಯ ಮೇಲೆ ನಾನು ಮಾವನೆದುರು ಕೂತೆ. ನಿನ್ನೆ ಉತ್ತೆ ಎನ್ನಲು ಏನನ್ನಬೇಕು ಎಂದು ಕೇಳಿದರು. ನಿದ್ದೆಯಲ್ಲೂ ಹೇಳಬಲ್ಲ ಮಾತು. ಆದರೆ ಅವರ ಮುಂದೆ ಬಾಯಿ ತೆರೆದೇ ಗೊತ್ತಿಲ್ಲದವಳಿಗೆ ತುಟಿಯೇ ಬಿಚ್ಚಲಿಲ್ಲ. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಮನೆಯೊಳಗೆ ಇದ್ದವರು ನಮ್ಮವರೊಬ್ಬರೇ. ಬಾಗಿಲ ಹಿಂದೆ ಮೊರ ಎರಡು ಸಲ ಸದ್ದಾಯಿತು.